ಬೂದು ಮುಸುಕಿನವನ ಕತೆ ಓದಿದವಳು

ನನ್ನ ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳಲು ನನಗೆ ಸ್ವಲ್ಪ ಸುಲಭವಾಗುತ್ತದೆ.

ಅವನು ದೊಡ್ಡಬಳ್ಳಾಪುರದ ನೇಕಾರರ ಕೇರಿಯಲ್ಲಿ ಎರಡು ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಿದ್ದ. ಅಪ್ಪ ತೀರಿಕೊಂಡಾಗ ನನಗಿನ್ನೂ ಹನ್ನೆರಡು. ಹುಡುಗಿಯನ್ನು ಸ್ಕೂಲು ಬಿಡಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರಿಸು ಎಂದು ನೆಂಟರೆಲ್ಲ ಹೇಳಿದರು. ಅಣ್ಣ ಕೇಳಲಿಲ್ಲ. "ನಮ್ಮನೇಲಿ ಒಬ್ರಾದ್ರೂ ಇಂಗ್ಲಿಷ್ ಕಾಗ್ದ ಓದ್ಲಿ" ಅಂದ. ಮಿಡ್ಲ್ ಸ್ಕೂಲು ಮುಗಿಯುವ ತನಕ ನನ್ನನ್ನು ಓದಿಸಿದ. ಆ ಕಾಲಕ್ಕೆ ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣು ಬೇರೆ ಯಾರೂ ಇರಲಿಲ್ಲ. ಅವನು ನನಗೆ ಮಾಡಿದ ಆ ಒಂದು ಉಪಕಾರದಿಂದಲೇ ಎಲ್ಲ ಶುರುವಾಯಿತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಯುದ್ಧ ಬಂತು. ಯುದ್ಧ ನಡೆಯುತ್ತಿದ್ದುದು ಎಲ್ಲೋ, ಆದರೆ ನಮ್ಮ ಮಗ್ಗಗಳು ನಿಂತುಹೋದವು. ರೇಷ್ಮೆಯೆಲ್ಲ ಪ್ಯಾರಾಚೂಟ್ ಬಟ್ಟೆಗೆ ಹೋಗುತ್ತಿದೆ, ನೇಕಾರರಿಗೆ ನೂಲು ಇಲ್ಲ ಎಂದರು. ಬೆಳಗ್ಗೆ ಎದ್ದರೆ ಕೇರಿಯ ಈ ತುದಿಯಿಂದ ಆ ತುದಿಯವರೆಗೆ ಲಾಳಿಯ ಸದ್ದು ಕೇಳಿಸುತ್ತಿತ್ತಲ್ಲ, ಅದು ನಿಂತ ಮೇಲೆ ಊರಿನಲ್ಲಿ ಹೆಣ ಇಟ್ಟುಕೊಂಡ ಹಾಗೆ ಅನ್ನಿಸುತ್ತಿತ್ತು. ಕೆಲಸವಿಲ್ಲದ ಗಂಡಸರು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ನಮ್ಮದು ಉದ್ದನೆಯ ಪಡಸಾಲೆ, ಮಣ್ಣಿನ ಗೋಡೆ, ತಣ್ಣಗಿರುತ್ತಿತ್ತು. ಬರುವವರಲ್ಲಿ ಎದುರು ಮನೆಯವನೂ ಅವನ ತಮ್ಮನೂ ತಪ್ಪದೆ ಇರುತ್ತಿದ್ದರು. ಇಬ್ಬರೂ ಅಣ್ಣನ ಓರಗೆಯವರು.

ನಮ್ಮ ಸೋದರಮಾವ ಜಾಲಹಳ್ಳಿ ಕಡೆ ಒಂದು ಮಿಲಿಟರಿ ಕ್ಯಾಂಪಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದ. ಬಿಳಿ ಸಿಪಾಯಿಗಳು ಓದಿ ಬಿಸಾಕಿದ ಪುಸ್ತಕಗಳನ್ನು ಕಟ್ಟಿಕೊಂಡು ಬಂದು ನಮ್ಮೂರಿನ ಅಂಗಡಿಗಳಿಗೆ ಪೊಟ್ಟಣ ಕಟ್ಟಲು ಕೊಡುತ್ತಿದ್ದ. ಅಂಗಡಿಗೆ ಹೋಗುವ ಮೊದಲು ಆ ಕಟ್ಟು ಒಂದೆರಡು ದಿನ ನಮ್ಮ ಮನೆಯಲ್ಲಿರುತ್ತಿತ್ತು. ಒಂದು ಸಲ ಸುಮ್ಮನೆ ಬಿಚ್ಚಿ ನೋಡಿದೆ. ಕೆಲವು ಬಣ್ಣದ ಚಿತ್ರದ ಪುಸ್ತಕಗಳು. ಪುಟಕ್ಕೆ ಆರೇಳು ಚೌಕ, ಮಾತೆಲ್ಲ ಬಾಯಿಂದ ಹೊರಟ ಗುಳ್ಳೆಯೊಳಗೆ. ಇನ್ನು ಕೆಲವು ಒರಟು ಕಾಗದದ ಕತೆ ಪುಸ್ತಕಗಳು. ಹೊದಿಕೆಯ ಮೇಲೆ ಪಿಸ್ತೂಲು, ಕೂಗುತ್ತಿರುವ ಹೆಂಗಸು, ಬಾಗಿಲ ಸಂದಿಯಲ್ಲಿ ಒಂದು ನೆರಳು. ಹೆಚ್ಚಿನವಕ್ಕೆ ಕೊನೆಯ ಹಾಳೆಗಳು ಇರುತ್ತಿರಲಿಲ್ಲ.

ಸ್ಕೂಲಿನಲ್ಲಿ ಮೇಡಂ ಕೊಟ್ಟಿದ್ದ ಹರಕು ಡಿಕ್ಷನರಿ ಇಟ್ಟುಕೊಂಡು ಓದಲು ಕೂತೆ. ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. ಅಣ್ಣ ಬಂದು "ಏನೇ ಅಮ್ಮಣ್ಣಿ ಅದು, ನಮ್ಗೂ ಹೇಳು" ಅಂದ. ಹೇಳಿದೆ. ಮಾರನೆಯ ದಿನ ಎದುರು ಮನೆಯವನೂ ಕೇಳಲು ಕೂತ. ಒಂದು ವಾರದಲ್ಲಿ ಪಡಸಾಲೆ ತುಂಬಿತು. ವಯಸ್ಸಿಗೆ ಬಂದ ಹುಡುಗಿ ಗಂಡಸರ ಮುಂದೆ ಕೂತು ಕತೆ ಓದುವುದೆಂದರೆ ಅಮ್ಮನಿಗೆ ಸರಿಬರಲಿಲ್ಲ. ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ, ಅತ್ತಿಗೆಯನ್ನು ಮಗುವಿನ ಸಮೇತ ನನ್ನ ಪಕ್ಕದಲ್ಲಿ ಕೂರಿಸಿದಳು. ಆಮೇಲೆ ಅವಳೂ ಬಂದು ಕೂತಳು.

ಮೊದಲು ಓದಿದ್ದು ಒಬ್ಬ ಬಲಶಾಲಿಯ ಕತೆ. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಹಾರುತ್ತಿದ್ದ, ಕಳ್ಳರನ್ನು ಹಿಡಿದು ಪೊಲೀಸರಿಗೆ ಒಪ್ಪಿಸುತ್ತಿದ್ದ. ನಮ್ಮವರಿಗೆ ಅವನು ಹಿಡಿಸಲಿಲ್ಲ.

"ಪೊಲೀಸ್ನೋರ್ ಕೈಗ್ ಕೊಟ್ರೆ ಏನ್ ಬಂತು?" ಅಂದ ಎದುರು ಮನೆಯವನು. "ಸಾಯಂಕಾಲಕ್ಕೆ ಬಿಟ್ ಕಳಿಸ್ತಾರೆ. ಇಷ್ಟೆಲ್ಲ ಹಾರಾಡಿದ್ದು ದಂಡ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರಿಗೆ ಹಿಡಿಸಿದ್ದು ಇನ್ನೊಬ್ಬ. ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ದೊಡ್ಡ ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡುವವನು. ಅವನ ತಮ್ಮನನ್ನು ಕೊಂದ ಸಾಹುಕಾರನನ್ನು ಕೋರ್ಟು ಬಿಟ್ಟುಬಿಡುತ್ತದೆ. ಅಂದಿನಿಂದ ಇವನು ಮುಖಕ್ಕೆ ಬೂದು ಬಣ್ಣದ ಬಟ್ಟೆ ಸುತ್ತಿಕೊಂಡು, ಕಾನೂನು ಮುಟ್ಟದವರನ್ನು ತಾನೇ ಹುಡುಕಿ ಶಿಕ್ಷಿಸುತ್ತಾನೆ. ಕುಡಿಯುತ್ತಾನೆ, ಸುಳ್ಳು ಹೇಳುತ್ತಾನೆ, ಬೇಕಾದರೆ ಮನೆಗೆ ಬೆಂಕಿ ಇಡುತ್ತಾನೆ. ಒಳ್ಳೆಯವನು ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಅದಕ್ಕೇ ಅವನ ಮೇಲೆ ನಂಬಿಕೆ ಬಂತೋ ಏನೋ. ಒಳ್ಳೆಯವರಿಂದ ಏನೂ ಆಗುವುದಿಲ್ಲ ಎಂಬುದನ್ನು ಮಗ್ಗ ನಿಂತ ಆ ಎರಡು ವರ್ಷದಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದರು. ಕೇರಿಯವರು ಅವನನ್ನು ಮುಸುಕಿನೋನು ಎಂದು ಕರೆಯತೊಡಗಿದರು, ಪಕ್ಕದ ಬೀದಿಯಲ್ಲಿ ಇರುವವನ ಹಾಗೆ.

ನಾನು ಓದುತ್ತ ಓದುತ್ತ ಸೇರಿಸತೊಡಗಿದೆ. ತಿಳಿಯದ ಕಡೆ ಊಹಿಸುವುದು ಬೇರೆ, ಬೇಕೆಂದೇ ಸೇರಿಸುವುದು ಬೇರೆ. ನಾನು ಎರಡನೆಯದನ್ನೂ ಮಾಡಿದೆ. ಪುಸ್ತಕದಲ್ಲಿ ಬ್ಯಾಂಕಿನ ಯಜಮಾನ ಇದ್ದರೆ ನನ್ನ ಬಾಯಲ್ಲಿ ಅವನು ರಾಗಿ ಬಚ್ಚಿಟ್ಟವನಾದ. ಹಡಗುಕಟ್ಟೆಯ ಗೋದಾಮು ಇದ್ದರೆ ಅದು ರೇಷನ್ ಡಿಪೋ ಆಯಿತು. ಮುಸುಕಿನವನು ಯಾರನ್ನಾದರೂ ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳುತ್ತಾನೆ, "ಬೀಗದ ಕೈ ಯಾರ ಹತ್ರ ಇದೆ?" ಅಂತ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ನನ್ನದು. ಕೇಳುವವರಿಗೆ ಅದು ಎಷ್ಟು ಹಿಡಿಸಿತೆಂದರೆ, ಆ ಜಾಗ ಬಂದಾಗ ನನಗಿಂತ ಮೊದಲೇ ಅವರು ಹೇಳಿಬಿಡುತ್ತಿದ್ದರು.

ಬಿಟ್ಟಿದ್ದೂ ಉಂಟು. ಒಂದು ಕತೆಯಲ್ಲಿ ಮುಸುಕಿನವನು ಕತ್ತಲಲ್ಲಿ ಒಬ್ಬನನ್ನು ಮಾಳಿಗೆಯಿಂದ ಕೆಳಕ್ಕೆ ನೂಕುತ್ತಾನೆ. ಇಳಿದು ಬಂದು ನೋಡಿದರೆ ಅವನು ಸಾಹುಕಾರನಲ್ಲ, ಮನೆ ಕಾಯುವ ಮುದುಕ. ಆಮೇಲೆ ಮೂರು ಪುಟ, ಅವನು ತನ್ನ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಗಡಿಯಾರಗಳಿಗೆ ಕೀಲಿ ಕೊಡುವುದಿಲ್ಲ, ಊಟ ಮಾಡುವುದಿಲ್ಲ. ನನಗೆ ಅದು ಬೇಸರದ ಭಾಗ ಅನ್ನಿಸಿತು. ಕೇಳುವವರು ಆಕಳಿಸುತ್ತಾರೆ ಎಂದುಕೊಂಡು ಓದಲಿಲ್ಲ. ಬಿದ್ದವನು ಸಾಹುಕಾರನೇ ಎಂದು ಹೇಳಿ ಮುಂದಕ್ಕೆ ಹೋದೆ. ಎಲ್ಲರೂ "ಭೇಷ್" ಅಂದರು.

ಆ ಹೊತ್ತಿಗೆ ಊರಿನಲ್ಲಿ ರೇಷನ್ ಡಿಪೋ ಶುರುವಾಗಿತ್ತು. ನಡೆಸುತ್ತಿದ್ದವನು ಒಬ್ಬ ಸಾಹುಕಾರ. ಅವನು ವಾರದಲ್ಲಿ ಐದು ದಿನ ಬೆಂಗಳೂರಿನಲ್ಲಿರುತ್ತಿದ್ದ. ಡಿಪೋ ತೆರೆಯುವುದು, ತೂಗುವುದು, ಚೀಟಿಗೆ ಗುರುತು ಹಾಕುವುದು ಎಲ್ಲ ಅವನ ಗುಮಾಸ್ತ. ಸಣಕಲು ಮನುಷ್ಯ, ನಲವತ್ತರ ಹತ್ತಿರ, ಕಂಕುಳಲ್ಲಿ ಛತ್ರಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವನ ಹೆಂಡತಿ ಮಗಳು ಆವತಿಯಲ್ಲಿದ್ದರು. ಇಲ್ಲಿ ಡಿಪೋ ಪಕ್ಕದ ಕೋಣೆಯಲ್ಲಿ ಒಬ್ಬನೇ ಇದ್ದು, ಭಾನುವಾರ ಊರಿಗೆ ನಡೆದು ಹೋಗುತ್ತಿದ್ದ. ದಾರಿಯಲ್ಲಿ ಗಾಡಿ ಸಿಕ್ಕರೆ ಹತ್ತಿಕೊಳ್ಳುತ್ತಿದ್ದ.

ಬೆಳಗಿನಿಂದ ಸಾಲು ನಿಂತರೆ ಅರ್ಧ ಜನಕ್ಕೆ ಕೊಡುವಷ್ಟರಲ್ಲಿ "ಮುಗೀತು, ನಾಳೆ ಬನ್ನಿ" ಅನ್ನುತ್ತಿದ್ದ. ಹಿಂದಿನ ಬಾಗಿಲಿನಿಂದ ಮೂಟೆಗಳು ಬೆಂಗಳೂರಿನ ಕಡೆ ಹೋಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಕೊಟ್ಟರು. ಅರ್ಜಿ ಬರೆದವಳು ನಾನೇ. ಏನೂ ಆಗಲಿಲ್ಲ. ಆಮೇಲಾಮೇಲೆ ಸಿಕ್ಕಿದ್ದು ಮುಗ್ಗು ಹಿಡಿದ ಜೋಳ. ತೊಳೆದರೆ ನೀರು ಹಸಿರಾಗುತ್ತಿತ್ತು.

ಅತ್ತಿಗೆಗೆ ಹಾಲು ಬತ್ತಿತು. ಮಗುವಿಗೆ ಎಂಟು ತಿಂಗಳು. ಜೋಳದ ಗಂಜಿ ಬಸಿದು ಕುಡಿಸಿದೆವು. ಭೇದಿ ಹತ್ತಿತು. ಆಸ್ಪತ್ರೆಯವರು ಅಕ್ಕಿ ಗಂಜಿ ಕೊಡಿ ಅಂದರು. ಅತ್ತಿಗೆ ಡಿಪೋಗೆ ಹೋಗಿ ಬೇಡಿದಳು. ಗುಮಾಸ್ತ ಆಚೆ ಈಚೆ ನೋಡಿ, ತನ್ನ ಕೋಣೆಗೆ ಹೋಗಿ, ತನಗೆಂದು ಇಟ್ಟುಕೊಂಡಿದ್ದ ಅಕ್ಕಿಯಲ್ಲಿ ಒಂದು ಪಾವು ತಂದು ಅವಳ ಸೆರಗಿಗೆ ಹಾಕಿದನಂತೆ. "ಯಾರಿಗೂ ಹೇಳ್ಬೇಡಿ ತಾಯಿ, ನನ್ ಕೆಲ್ಸ ಹೋಗ್ಬಿಡ್ತದೆ" ಅಂದನಂತೆ. ಅವಳು ಯಾರಿಗೂ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ನಮಗೆ ಅದು ಗೊತ್ತಾದದ್ದು ಬಹಳ ತಡವಾಗಿ.

ಒಂದು ಪಾವಿನಿಂದ ಮಗು ಉಳಿಯಲಿಲ್ಲ. ಸೋಮವಾರ ಬೆಳಗ್ಗೆ ಅತ್ತಿಗೆಯ ತೊಡೆಯ ಮೇಲೆ ಹೋಯಿತು. ಅಣ್ಣ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ. ವಾಪಸು ಬರುವಾಗ ಆ ಕೈಗಳನ್ನು ಏನು ಮಾಡುವುದೆಂದು ತಿಳಿಯದವನ ಹಾಗೆ ಮುಂದಕ್ಕೆ ಹಿಡಿದುಕೊಂಡೇ ಬಂದ.

ಹತ್ತು ದಿನ ಕತೆ ಇರಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅಣ್ಣ ಪಡಸಾಲೆಯಲ್ಲಿ ಕೂತು, ನನ್ನ ಕಡೆ ನೋಡದೆ ಕೇಳಿದ.

"ಅಮ್ಮಣ್ಣಿ, ಮುಸುಕಿನೋನು ನಮ್ಮೂರ್ಗೆ ಬಂದಿದ್ರೆ ಏನ್ ಮಾಡ್ತಿದ್ದ?"

ಎದುರು ಮನೆಯ ಅಣ್ಣತಮ್ಮಂದಿರೂ ಇದ್ದರು. ನಾನು ಅವನಿಗೆ ಸಮಾಧಾನ ಆಗಲಿ ಎಂದುಕೊಂಡೆ. ಕತೆ ಹೇಳುವ ದನಿಯಲ್ಲೇ ಹೇಳಿದೆ.

"ಇನ್ನೇನ್ ಮಾಡ್ತಿದ್ದ ಅಣ್ಣಾ? ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳ್ತಿದ್ದ. ಅದು ಯಾರ ಸೊಂಟದಲ್ಲಿದೆಯೋ ಅವನ ಕೈ ಮುರೀತಿದ್ದ. ಇನ್ನೊಂದ್ಸಲ ತಕ್ಕಡಿ ಹಿಡೀಬಾರ್ದು, ಹಂಗೆ."

"ಹಂಗೆ" ಅಂದ ಅಣ್ಣ. ಅಷ್ಟೇ.

ಅದರ ಮುಂದಿನ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಹೊರಗೆ ಹೋದವನು ಹನ್ನೊಂದಕ್ಕೆ ಬಂದ. ಸೀದಾ ಹೋಗಿ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿದು ಕೂತ. ಮಗ್ಗದ ಮೇಲೆ ಒಂದು ಎಳೆ ನೂಲೂ ಇರಲಿಲ್ಲ. ಲಾಳಿ ಹಿಡಿದುಕೊಂಡು ಹಾಗೇ ಕೂತಿದ್ದ. ನಾನು ನೀರು ಕೊಡಲು ಹೋದಾಗ ಅವನ ಬೂದು ಕಂಬಳಿ ನೆಲದ ಮೇಲೆ ಬಿದ್ದಿತ್ತು. ಅದರಿಂದ ಒಂದು ಮೊಳ ಅಗಲದ ತುಂಡು ಕತ್ತರಿಸಿ ತೆಗೆದ ಗುರುತಿತ್ತು.

"ಕೈ ಮುರಿಯೋಕೇ ಹೋಗಿದ್ದು" ಅಂದ. "ಅವನು ಓಡ್ದ. ಮೈಲಿಗಲ್ಲಿನ ಮೇಲ್ ಬಿದ್ದ. ತಲೆ ಬಡೀತು."

ನನಗೆ ಏನೂ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. "ಯಾರು?"

ಅವನು ನನ್ನನ್ನೇ ನೋಡಿದ.

ಊರಾಚೆಯ ಹುಣಸೆ ತೋಪಿನ ಹತ್ತಿರ ಗುಮಾಸ್ತ ಬಿದ್ದಿದ್ದನ್ನು ಸೌದೆ ಹೊತ್ತು ಬರುತ್ತಿದ್ದ ಹೆಂಗಸರು ನೋಡಿದರು. ಮೂರು ದಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಇದ್ದು ಸತ್ತ. ಆವತಿಯಿಂದ ಅವನ ಹೆಂಡತಿ ಬಂದಿದ್ದಳಂತೆ. ಹೆಣ ತೆಗೆದುಕೊಂಡು ಹೋಗುವಾಗ ಅವನ ಛತ್ರಿ ಸಿಕ್ಕಲಿಲ್ಲವೆಂದು ಆಸ್ಪತ್ರೆಯವರನ್ನು, ಪೊಲೀಸರನ್ನು, ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಳಂತೆ. ಇದನ್ನು ಹೇಳಿದವರು ನಗುತ್ತ ಹೇಳಿದರು. ಗಂಡ ಸತ್ತಿದ್ದಾನೆ, ಇವಳಿಗೆ ಛತ್ರಿಯ ಚಿಂತೆ ಎಂದು.

ಹೌದು, ನಗುತ್ತಿದ್ದರು. ಊರಿಗೆ ಊರೇ ಹಬ್ಬ ಮಾಡುವ ಹಾಗಿತ್ತು. ಮೂವರು ಮುಸುಕಿನವರು ಓಡಿದ್ದನ್ನು ಯಾರೋ ದೂರದಿಂದ ನೋಡಿದ್ದರು. ಸಂತೆಯ ಹೊತ್ತಿಗೆ ಮೂವರು ಒಬ್ಬನಾಗಿ, ಆ ಒಬ್ಬ ಆರಡಿ ಎತ್ತರದವನಾಗಿ, ನಮ್ಮೂರಿಗೂ ಮುಸುಕಿನೋನು ಬಂದನಂತೆ ಎಂಬ ಮಾತು ನೆಲಮಂಗಲದವರೆಗೆ ಹೋಯಿತು. ಬಾವಿಕಟ್ಟೆಯಲ್ಲಿ ಒಬ್ಬಳು ನನ್ನ ಕೆನ್ನೆ ಹಿಂಡಿ, "ನಿನ್ ಕತೆ ನಿಜ ಆಗ್ಬಿಡ್ತಲ್ಲೇ!" ಅಂದಳು. ಪೊಲೀಸರ ಕಿವಿಗೆ ಆ ಮಾತು ಬಿದ್ದರೆ ಎಂದು ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಅವಳಿಗಾದರೋ ಬರೀ ಸಂತೋಷ.

ಸಾಹುಕಾರ ಹೆದರಿದ್ದು ಎರಡು ವಾರ. ಆಮೇಲೆ ಡಿಪೋ ಬಾಗಿಲಿಗೆ ಇಬ್ಬರು ಪೊಲೀಸರನ್ನು ಹಾಕಿಸಿಕೊಂಡ, ಬೇರೆ ಗುಮಾಸ್ತನನ್ನು ತಂದ. ಅದಕ್ಕೂ ಮೊದಲು ರಕ್ಷಣೆ ಇಲ್ಲ ಎಂದು ಹೇಳಿ ಹದಿನೈದು ದಿನ ಡಿಪೋ ಮುಚ್ಚಿದ್ದ. ಆ ಹದಿನೈದು ದಿನ ಕೇರಿಯವರು ಏನು ತಿಂದರೆಂದು ನಾನು ಬರೆಯಲಾರೆ. ಹೊಸ ಗುಮಾಸ್ತ ಜೋಳ ತೂಗುವಾಗ ಜನರ ಮುಖವನ್ನೇ ನೋಡುತ್ತಿರಲಿಲ್ಲ. ಹಿಂದಿನ ಬಾಗಿಲಿನಿಂದ ಗಾಡಿಗಳು ಮೊದಲಿನ ಹಾಗೆಯೇ ಹೋದವು.

ಅತ್ತಿಗೆ ಆ ಅಕ್ಕಿಯ ವಿಷಯ ಹೇಳಿದ್ದು ಆಗ. ಡಿಪೋ ಮುಚ್ಚಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ, ಬರಿಯ ಒಲೆಯ ಮುಂದೆ ಕೂತು, "ಅವ್ರು ಒಳ್ಳೇವ್ರು ಕಣಮ್ಮ, ಪಾಪ" ಎಂದು ಎಲ್ಲ ಹೇಳಿದಳು. ಅಣ್ಣ ಗುಂಡಿಯಲ್ಲಿ ಕೂತಿದ್ದವನು ಎದ್ದು ಹಿತ್ತಲಿಗೆ ಹೋದ. ವಾಂತಿ ಮಾಡುವ ಸದ್ದು ಕೇಳಿಸಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಸದ್ದು.

ಪೊಲೀಸರು ಹಿಡಿದದ್ದು ಒಬ್ಬ ಗಾಡಿಯವನನ್ನು. ರೈಲ್ವೆ ಸ್ಟೇಷನ್ನಿನಿಂದ ಡಿಪೋಗೆ ಮೂಟೆ ಹೊಡೆಯುತ್ತಿದ್ದವನು, ಊರಾಚೆ ಗುಡಿಸಲು ಹಾಕಿಕೊಂಡಿದ್ದ. ಹೆಂಡತಿ, ಒಂದು ಮಗು, ಒಂದು ಜೊತೆ ಎತ್ತು. ಗುಮಾಸ್ತ ಬಿದ್ದ ಹಿಂದಿನ ದಿನ, ಶನಿವಾರ, ಎಲ್ಲರೆದುರಿಗೆ ಡಿಪೋ ಬಾಗಿಲಲ್ಲಿ, ಜೋಳ ಕಡಿಮೆ ತೂಗಿದೆ ಎಂದು ಗುಮಾಸ್ತನಿಗೆ "ನಿನ್ ಕೈ ಸೇದೋಗ" ಎಂದು ಬೈದಿದ್ದ. ಅಷ್ಟು ಸಾಕಾಯಿತು. ಗಾಡಿಯಲ್ಲಿ ಹರಿದ ಬೂದು ಕಂಬಳಿಯೂ ಸಿಕ್ಕಿತು. ಆಗ ಹರಿದ ಬೂದು ಕಂಬಳಿ ಇಲ್ಲದ ಮನೆ ಯಾವುದಿತ್ತು? ಇನ್ನಿಬ್ಬರು ಯಾರು ಎಂದು ಹೊಡೆದರು. ಅವನಿಗೆ ಗೊತ್ತಿದ್ದರೆ ತಾನೆ ಹೇಳುವುದು.

ಎದುರು ಮನೆಯವನು ಒಂದು ದಿನ ಬಂದು ಬಾಗಿಲಲ್ಲೇ ನಿಂತು ಅಣ್ಣನಿಗೆ ಹೇಳಿದ. "ಲೇ, ಬಾಯ್ ಬಿಡ್ಬೇಡ. ನೀನ್ ಬಿಟ್ರೆ ಮೂವರ್ದೂ ಮುಗೀತು. ಗಾಡಿಯೋನ್ ಮೇಲೆ ಸಾಕ್ಷಿ ಇಲ್ಲ, ಬಿಟ್ ಕಳಿಸ್ತಾರೆ."

"ಬಿಡ್ದಿದ್ರೆ?"

"ಬಿಡ್ತಾರೆ ಕಣೋ."

ತಿಂಗಳೊಳಗೆ ಅವನು ತಮ್ಮನನ್ನು ಕರೆದುಕೊಂಡು ಬೊಂಬಾಯಿಯ ಮಿಲ್ಲಿಗೆ ಹೊರಟುಹೋದ. ಕಾಗದ ಕೂಡ ಬರೆಯಲಿಲ್ಲ.

ಬೆಂಗಳೂರಿನ ಕೋರ್ಟಿನಲ್ಲಿ ತೀರ್ಪು ಬರುವ ಹಿಂದಿನ ದಿನ. ಬೆಳಗ್ಗೆ ಅಣ್ಣ ಸ್ನಾನ ಮಾಡಿ, ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡ. ಅಮ್ಮ ಎಲ್ಲಿಗೆ ಎಂದು ಕೇಳಿದಳು. "ಸ್ಟೇಷನ್ಗೆ ಹೋಗ್ತೀನಿ. ಹೇಳ್ಬಿಡ್ತೀನಿ" ಅಂದ. ಅಮ್ಮನಿಗೆ ಅಷ್ಟರಲ್ಲಿ ಎಲ್ಲ ಗೊತ್ತಿತ್ತು. ಅವಳು ಬಾಗಿಲಿಗೆ ಹೋಗಿ ಕೂತುಬಿಟ್ಟಳು, ಹೊಸಲಿನ ಮೇಲೆ. ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದಳು. ಮತ್ತೆ ಬಸುರಿ, ನಾಲ್ಕು ತಿಂಗಳು.

ಅಣ್ಣ ಅಮ್ಮನನ್ನು ದಾಟಿಕೊಂಡು ಹೋಗಿಬಿಡುತ್ತಿದ್ದ. ಅದು ಅವನ ಮುಖದಲ್ಲಿ ಕಾಣುತ್ತಿತ್ತು. ತಡೆದವಳು ನಾನು.

"ಅಣ್ಣಾ, ನೀನ್ ಹೋದ್ರೆ ನಿನ್ನನ್ನ ಗಲ್ಲಿಗ್ ಹಾಕ್ತಾರೆ. ಗಾಡಿಯೋನ್ನ ಹಾಕಲ್ಲ, ಅವನ ಮೇಲೆ ಸಾಕ್ಷಿ ಇಲ್ಲ" ಅಂದೆ. ಎದುರು ಮನೆಯವನ ಮಾತೇ ನನ್ನ ಬಾಯಲ್ಲಿ ಬಂತು. "ಅತ್ತಿಗೆ ಹೊಟ್ಟೇಲಿರೋದಕ್ಕೆ ಏನ್ ಹೇಳೋಣ? ನಾಳೆ ನೋಡೋಣ. ಶಿಕ್ಷೆ ಆದ್ರೆ ಆಗ ಹೋಗು. ನಾನೇ ಬರ್ತೀನಿ ನಿನ್ ಜೊತೆ. ಎಲ್ಲಾ ನಾನೇ ಬರ್ದು ಕೊಡ್ತೀನಿ."

ಅಣ್ಣ ನನ್ನ ಮಾತು ನಂಬುತ್ತಿದ್ದ. ಓದಿದವಳು ಎಂದು. ಕೋಟು ಬಿಚ್ಚಿದ.

ಮಾರನೆಯ ದಿನ ಗಾಡಿಯವನಿಗೆ ಐದು ವರ್ಷ ಶಿಕ್ಷೆ ಆಯಿತು. ಕೊಲ್ಲಬೇಕೆಂದು ಹೊಡೆದದ್ದಲ್ಲ ಎಂದು ಗಲ್ಲು ತಪ್ಪಿತಂತೆ. ಸುದ್ದಿ ಬಂದಾಗ ಅಣ್ಣ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಅಕ್ಕಿ ಇಲ್ಲದ ಮೊರವನ್ನು ಕೇರುತ್ತ ಕೂತೆ. ಅವನು ಇನ್ನೊಂದು ಸಲ ಕೋಟು ಹಾಕಿಕೊಳ್ಳಲಿಲ್ಲ. ನಾನು ಹೋಗೋಣ ಎನ್ನಲಿಲ್ಲ. ಹೋಗದೆ ಇರುವುದು ಒಂದು ದಿನ ಸಾಧ್ಯವಾದರೆ ಎರಡನೆಯ ದಿನ ಇನ್ನೂ ಸುಲಭ. ಅದನ್ನು ನಾನು ಆಗ ಕಲಿತೆ.

ಮಾವ ತಂದ ಪುಸ್ತಕದ ಕಟ್ಟುಗಳು ಆಮೇಲೂ ಬಂದವು. ಕೇರಿಯವರು ಓದು ಎಂದು ಪೀಡಿಸಿದರು. ಕಣ್ಣುನೋವು ಎಂದೆ. ನಿಜವಾಗಿಯೂ ಅಕ್ಷರ ಕಂಡರೆ ಕಣ್ಣು ಉರಿಯುತ್ತಿತ್ತು.

ಯುದ್ಧ ಮುಗಿಯಿತು. ನೂಲು ಬಂತು. ಅತ್ತಿಗೆಗೆ ಗಂಡು ಮಗುವಾಯಿತು, ಅದು ಉಳಿಯಿತು. ಅಣ್ಣ ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ. ಮಗು ತಾನಾಗಿ ಬಂದು ಅವನ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತರೆ ಲಾಳಿ ನಿಲ್ಲಿಸಿ ಅದನ್ನೇ ನೋಡುತ್ತಿದ್ದ. ಸ್ವಾತಂತ್ರ್ಯ ಬಂದಾಗ ಬೀದಿಯಲ್ಲೆಲ್ಲ ಮೆರವಣಿಗೆ ಹೋಯಿತು. ಸಾಹುಕಾರ ಅದರ ಮುಂದುಗಡೆ ಖಾದಿ ಟೋಪಿ ಹಾಕಿಕೊಂಡು ನಡೆದ. ಅಣ್ಣ ಕಿಟಕಿ ಮುಚ್ಚಿ ನೇಯುತ್ತ ಕೂತ.

ಅದಾದ ಎರಡನೆಯ ವರ್ಷ ಗಾಡಿಯವನು ಊರಿಗೆ ಬಂದ. ಅವನ ಎತ್ತುಗಳನ್ನು ಹೆಂಡತಿ ವಕೀಲರಿಗಾಗಿ ಮಾರಿಬಿಟ್ಟಿದ್ದಳು. ಅವಳು ಮಗುವನ್ನು ಕರೆದುಕೊಂಡು ನಂದಗುಡಿಯ ಕಡೆ ತವರಿಗೆ ಹೋದವಳು, ಅಲ್ಲಿ ಮಗು ತೀರಿಹೋಗಿ, ಇನ್ನೊಬ್ಬನ ಜೊತೆ ಸಂಸಾರ ಮಾಡಿಕೊಂಡಿದ್ದಳು. ಗುಡಿಸಲು ಬಿದ್ದುಹೋಗಿತ್ತು. ಅವನು ಮನೆಮನೆಗೆ ಹೋಗಿ ಕೆಲಸ ಕೇಳುತ್ತಿದ್ದ. ಕೊಲೆಗಾರ ಎಂದು ಯಾರೂ ಒಳಗೆ ಸೇರಿಸುತ್ತಿರಲಿಲ್ಲ. ಅದೇ ಜನ, ಅಂದು ಆ ಕೊಲೆಗೆ ಭೇಷ್ ಅಂದವರು.

ನಮ್ಮ ಬಾಗಿಲಿಗೂ ಬಂದ. "ಯಜಮಾನ್ರೇ, ಸ್ಟೇಷನ್ನಿಂದ ನೂಲಿನ್ ಕಟ್ಟು ತರೋ ಕೆಲ್ಸ ಇದ್ರೆ ಕೊಡಿ. ಹೊತ್ಕೊಂಡ್ ಬರ್ತೀನಿ" ಅಂದ.

ಅಣ್ಣ ಕೊಟ್ಟ. ಅಂದಿನಿಂದ ಆರು ತಿಂಗಳು ಅವನು ನಮ್ಮ ಮನೆಯ ಜಗಲಿಯಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದ. ಅತ್ತಿಗೆ ಬಡಿಸುತ್ತಿದ್ದಳು. ಅವನು ಮಾತಿನ ಮನುಷ್ಯ. ಜೈಲಿನಲ್ಲಿ ಜಮಖಾನ ನೇಯುವುದನ್ನು ಕಲಿಸಿದರೆಂದು ಹೇಳಿ, ಅಣ್ಣನ ಮಗ್ಗ ನೋಡಿ, "ನಾನೂ ಈಗ ನಿಮ್ ಜಾತಿನೇ ಬಿಡಿ" ಎಂದು ನಗುತ್ತಿದ್ದ. ಅಣ್ಣನ ಮಗನಿಗೆ ಜೋಳದ ಕಡ್ಡಿಯಲ್ಲಿ ಗಾಡಿ ಮಾಡಿಕೊಟ್ಟ. ಅವನು ನಗುವಾಗಲೆಲ್ಲ ಅಣ್ಣ ಇನ್ನಷ್ಟು ಕುಗ್ಗುತ್ತಿದ್ದ. ನನಗೆ ಅಷ್ಟರಲ್ಲಿ ನೆಲಮಂಗಲದ ಕಡೆ ಮದುವೆ ಗೊತ್ತಾಗಿತ್ತು. ಹೇಗಾದರೂ ಈ ಮನೆಯಿಂದ ಹೊರಟರೆ ಸಾಕು ಎಂದು ದಿನ ಎಣಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಮುದ್ದೆ ಮುರಿಯುತ್ತಿದ್ದಾಗ ಅಣ್ಣ ಜಗಲಿಗೆ ಬಂದು ಅವನ ಎದುರಿಗೆ ನೆಲದ ಮೇಲೆ ಕೂತ. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿದ್ದೆ.

"ಗುಮಾಸ್ತನ್ನ ಹೊಡ್ದಿದ್ದು ನಾನು" ಅಂದ ಅಣ್ಣ. "ನಾನು, ಇನ್ನಿಬ್ರು. ನಿನ್ನ ಹಿಡ್ದಾಗ ನಂಗ್ ಗೊತ್ತಿತ್ತು. ಶಿಕ್ಷೆ ಆದಾಗ್ಲೂ ಗೊತ್ತಿತ್ತು. ಸುಮ್ನಿದ್ದೆ."

ಗಾಡಿಯವನ ಕೈ ತಟ್ಟೆಯಲ್ಲೇ ನಿಂತಿತು. ನಾನು ಮುಂದೆ ಬಂದು, "ತಡ್ದಿದ್ದು ನಾನು. ಅಣ್ಣ ಹೊರಟಿದ್ದ" ಅಂದೆ. ಅವನು ನನ್ನ ಕಡೆ ತಿರುಗಲೇ ಇಲ್ಲ.

"ಯಾಕ್ ಹೇಳಿದ್ರಿ?" ಅಂದ ಅಣ್ಣನಿಗೆ. ಕೂಗಲಿಲ್ಲ. "ಇಷ್ಟ್ ದಿನ ಯಾರೋ ಮಾಡಿದ್ರು, ನನ್ ಹಣೇಬರ ಅಂತಿದ್ದೆ. ಜೈಲಲ್ಲಿ ಹಂಗೇ ಅಂದ್ಕೊಂಡು ಕಳೆದೆ. ಈಗ ನಾನೇನ್ ಮಾಡ್ಲಿ? ನಿಮ್ಮನ್ನ ಕೊಲ್ಲಾ? ನಿಮ್ ಮನೇಲಿ ಉಂಡಿದೀನಿ."

"ಏನ್ ಬೇಕಾದ್ರೂ ಮಾಡು" ಅಂದ ಅಣ್ಣ.

"ನಿಮಗದು ಸುಲಭ ಅಲ್ವಾ?" ಅಂದ ಅವನು.

ಎದ್ದ. ತಟ್ಟೆಯಲ್ಲಿ ಅರ್ಧ ಮುದ್ದೆ ಇತ್ತು. ಅದನ್ನು ಬೀದಿಯ ನಾಯಿಗೆ ಹಾಕಿ, ತೊಟ್ಟಿಯ ನೀರಿನಲ್ಲಿ ತಟ್ಟೆ ತೊಳೆದು, ಜಗಲಿಯ ಅಂಚಿನಲ್ಲಿ ಬೋರಲು ಹಾಕಿದ. ಅಣ್ಣನ ಮಗ ಗಾಡಿ ಹಿಡಿದುಕೊಂಡು ಓಡಿಬಂದ. ಗಾಡಿಯವನು ಹುಡುಗನ ತಲೆ ಒಂದು ಸಲ ಮುಟ್ಟಿ, ಬೀದಿಗೆ ಇಳಿದು, ಸ್ಟೇಷನ್ನಿನ ಕಡೆ ನಡೆದು ಹೋದ. ಅವನನ್ನು ಮತ್ತೆ ಆ ಊರಿನಲ್ಲಿ ಯಾರೂ ನೋಡಲಿಲ್ಲ.

ನಾನು ಮದುವೆಯಾಗಿ ಹೋದೆ. ವರ್ಷಕ್ಕೆರಡು ಸಲ ತವರಿಗೆ ಬಂದಾಗ ಅಣ್ಣ ಮಗ್ಗವನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ ಹಾಕಿಕೊಂಡಿರುವುದು ಕಂಡಿತು. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಲಾಳಿ ನಿಲ್ಲುತ್ತಿತ್ತು. ಅತ್ತಿಗೆ ಬಾಗಿಲು ಮುಂದೆ ಮಾಡಲು ಹೋದರೆ, "ಇರ್ಲಿ ಬಿಡು, ಅವನು ಬಂದಾನು" ಅನ್ನುತ್ತಿದ್ದ. ಹೆದರಿಕೆಯ ದನಿಯಲ್ಲ ಅದು. ಬರಬೇಕಾದವನು ಬರಲಿ, ತನಗೆ ಏನು ಸಲ್ಲಬೇಕೋ ಅದನ್ನು ಕೊಟ್ಟು ಹೋಗಲಿ ಎಂದು ಕಾಯುವವನ ದನಿ. ಪೊಲೀಸರಿಗೆ ಹೇಳುವ ಧೈರ್ಯ ಅವನಿಗೆ ಮತ್ತೆ ಬರಲಿಲ್ಲ, ಬರಿಸುವ ಧೈರ್ಯ ನನಗೂ ಬರಲಿಲ್ಲ. ಅದಾದ ಮೇಲೂ ಅವನು ಹನ್ನೆರಡು ವರ್ಷ ಬದುಕಿದ. ಯಾರೂ ಬರಲಿಲ್ಲ.